ಬೇರೆ ಲಿಪಿಯ ಹೆಸರುಗಳನ್ನ ರೋಮನ್ ಅಕ್ಷರಕ್ಕೆ ತರುವಾಗ ಯಾವ ಪದ್ಧತಿ ಹಿಡೀಬೇಕು?

ಓಲೆಗರಿ
ಎಲ್ಲರಿಗೂ ನಮಸ್ಕಾರ. ನಾನೊಂದು ಪುಸ್ತಕಗಳ ಕ್ಯಾಟಲಾಗ್ ಮಾಡ್ತಾ ಇದೀನಿ, ಅದರಲ್ಲಿ ಲೇಖಕರ ಹೆಸರು, ಊರಿನ ಹೆಸರು, ಪುಸ್ತಕದ ಹೆಸರು ಎಲ್ಲಾ ರೋಮನ್ ಅಕ್ಷರದಲ್ಲಿ ಒಂದೇ ಪಟ್ಟಿಯಾಗಿ ಬರಬೇಕು. ಮೂಲ ನೋಡಿದ್ರೆ ಕನ್ನಡ, ಸಂಸ್ಕೃತ, ರಷ್ಯನ್, ಗ್ರೀಕ್, ಅರೇಬಿಕ್, ಚೈನೀಸ್, ಜಪಾನೀಸ್, ಕೊರಿಯನ್ ಎಲ್ಲಾ ಇದಾವೆ. ತೊಂದರೆ ಏನಪ್ಪಾ ಅಂದ್ರೆ ಒಬ್ಬರದೇ ಹೆಸರು ಒಂದೊಂದು ಪುಸ್ತಕದ ಮೇಲೆ ಒಂದೊಂದು ಸ್ಪೆಲಿಂಗಲ್ಲಿದೆ. ರಷ್ಯಾದ ಸಂಗೀತಗಾರ ಚೈಕೋವ್‌ಸ್ಕಿ ತಗೊಳ್ಳಿ, ಇಂಗ್ಲಿಷ್‌ನಲ್ಲಿ ಟಿ-ಸಿ-ಹೆಚ್ ಇಂದ ಶುರು, ಜರ್ಮನ್‌ನಲ್ಲಿ ಟಿ-ಎಸ್-ಸಿ-ಹೆಚ್ ಇಂದ ಶುರು, ಇನ್ನು ಕೆಲವು ಕಡೆ ಬರೀ ಸಿ, ಅದರ ತಲೆ ಮೇಲೊಂದು ಕೊಕ್ಕೆ. ಅಕಾರಾದಿಯಲ್ಲಿ ಹಾಕಿದ್ರೆ ಒಬ್ಬನೇ ಮನುಷ್ಯ ಮೂರು ಕಡೆ ಕೂತ್ಕೋತಾನೆ.

ಎಲ್ಲಾ ಭಾಷೆಗೂ ಒಂದೇ ನಿಯಮ ಹಾಕಿ ಮುಗಿಸ್ಬಹುದಾ ಇಲ್ಲಾ ಭಾಷೆಗೊಂದು ಪದ್ಧತಿ ಇಟ್ಕೋಬೇಕಾ? ಚುಕ್ಕೆ ಗೆರೆ ಎಲ್ಲಾ ಹಾಕೋದು ಒಳ್ಳೇದಾ ಬಿಡೋದು ಒಳ್ಳೇದಾ? ಈ ಕೆಲಸ ಮಾಡಿರೋರು ದಯವಿಟ್ಟು ಹೇಳಿ.

ಓದುಬಾಕ
ಓದಿದ್ರೆ ಬಾಯಲ್ಲಿ ಸರಿಯಾಗಿ ಬರೋ ಹಾಗೆ ಬರೀರಿ, ಅಷ್ಟೇ. ಚುಕ್ಕೆ ಗೆರೆ ಪಂಡಿತರಿಗೆ ಬಿಡಿ.

ನಿಘಂಟುಹುಳ
@ಓದುಬಾಕ ಯಾರ ಬಾಯಲ್ಲಿ ಸರ್? ಅಲ್ಲೇ ಇರೋದು ಎಲ್ಲಾ ತಾಪತ್ರಯ. ಚೈಕೋವ್‌ಸ್ಕಿ ಹೆಸರು ಜರ್ಮನ್ನರ ಬಾಯಿಗೆ ಸರಿ ಬರಲಿ ಅಂತಾನೇ ಟಿ-ಎಸ್-ಸಿ-ಹೆಚ್ ಆಗಿದ್ದು, ಫ್ರೆಂಚರ ಬಾಯಿಗೆ ಸರಿ ಬರಲಿ ಅಂತಾನೇ ಟಿ-ಸಿ-ಹೆಚ್ ಆಗಿದ್ದು, ಆ ಟಿ ಇಂಗ್ಲಿಷಿಗೆ ಬೇಕೇ ಇರಲಿಲ್ಲ, ಆದ್ರೂ ಅದೇ ರೂಢಿಯಾಗಿ ಉಳ್ಕೊಂಡು ಬಿಡ್ತು. ರೋಮನ್ ಅಕ್ಷರ ಅನ್ನೋದು ಒಂದೇ ಲಿಪಿ ಹೌದು, ಆದ್ರೆ ಅದನ್ನ ಓದೋ ರೀತಿ ಒಂದೇ ಅಲ್ಲ. ಜೆ ಅಕ್ಷರ ಇಂಗ್ಲಿಷ್‌ನಲ್ಲಿ ಜ, ಜರ್ಮನ್‌ನಲ್ಲಿ ಯ, ಸ್ಪ್ಯಾನಿಷ್‌ನಲ್ಲಿ ಗಂಟಲಿನ ಹ.

ಓಲೆಗರಿ ಅವರೇ, ಮೊದಲು ಎರಡು ಕೆಲಸ ಬೇರೆ ಬೇರೆ ಅಂತ ಇಟ್ಕೊಳ್ಳಿ. ಒಂದು ಅಕ್ಷರಕ್ಕೆ ಅಕ್ಷರ ಇಡೋದು, ಅಂದ್ರೆ ಲಿಪ್ಯಂತರ. ಇನ್ನೊಂದು ಉಚ್ಚಾರಣೆ ಕೇಳಿಸ್ಕೊಂಡು ಬರೆಯೋದು. ಕನ್ನಡದಲ್ಲೇ ಜ್ಞಾನ ನೋಡಿ, ಬರೆಯೋದು ಜ ಮತ್ತು ಞ, ಬಾಯಲ್ಲಿ ಬರೋದು ಗ್ನಾನ. ಅಕ್ಷರ ಹಿಡಿದ್ರೆ ಜೆ ಬರುತ್ತೆ, ಉಚ್ಚಾರ ಹಿಡಿದ್ರೆ ಜಿ ಬರುತ್ತೆ. ಎರಡೂ ಸರಿ, ಎರಡೂ ಒಟ್ಟಿಗೆ ಆಗಲ್ಲ. ಥಾಯ್ ಭಾಷೇಲಿ ಇದು ಇನ್ನೂ ಚೆನ್ನಾಗಿ ಕಾಣ್ಸುತ್ತೆ, ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ರೋಮನ್‌ನಲ್ಲಿ ಸುವರ್ಣಭೂಮಿ ಅಂತಾನೇ ಇದೆ, ಸಂಸ್ಕೃತದ ಮೂಲ ಹಾಗೇ ಇಟ್ಟಿದಾರೆ. ಅಲ್ಲಿಯವರು ಹೇಳೋದು ಸುವನ್ನಫೂಮ್ ಅಂತ. ಆ ಬೋರ್ಡ್ ಓದಿ ಹೇಳಿದ್ರೆ ಟ್ಯಾಕ್ಸಿಯವನಿಗೆ ಅರ್ಥ ಆಗೋದು ಕಷ್ಟ, ಆದ್ರೆ ಕನ್ನಡದವನಿಗೆ ನೋಡಿದ ತಕ್ಷಣ ಅರ್ಥ ಆಗುತ್ತೆ.

ಓದುಬಾಕ
ಹಂಗಂದ್ರೆ ಪ್ರಯಾಣಿಕನಿಗೆ ಉಚ್ಚಾರಣೆನೇ ಮುಖ್ಯ ಅಂತ ನೀವೇ ಒಪ್ಕೊಂಡ್ರಿ.

ನಿಘಂಟುಹುಳ
ಪ್ರಯಾಣಿಕನಿಗೆ ಹೌದು. ಕ್ಯಾಟಲಾಗಿಗೆ ಅಲ್ಲ. ಕ್ಯಾಟಲಾಗ್ ನೋಡಿದೋರು ಮೂಲ ಲಿಪಿಗೆ ವಾಪಸ್ ಹೋಗೋಕೆ ಆಗಬೇಕು. ಗ್ರೀಕ್‌ನಲ್ಲಿ ಇವತ್ತು 'ಇ' ಅನ್ನೋ ಒಂದೇ ಸ್ವರಕ್ಕೆ ಈಟಾ, ಅಯೋಟಾ, ಉಪ್ಸಿಲಾನ್, ಜೊತೆಗೆ ಜೋಡಿ ಅಕ್ಷರಗಳು ಬೇರೆ. ಉಚ್ಚಾರ ನೋಡಿ ಎಲ್ಲದಕ್ಕೂ ಐ ಹಾಕಿದ್ರೆ ವಾಪಸ್ ಬರೆಯೋವಾಗ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಕೋಡ್‌ಗುಬ್ಬಿ
ನಿಘಂಟುಹುಳ ಹೇಳಿದ್ದು ನೂರಕ್ಕೆ ನೂರು. ನನ್ನ ಪರೀಕ್ಷೆ ಒಂದೇ: ಈ ಕಡೆಯಿಂದ ಆ ಕಡೆ ಹೋಗಿ, ಅಲ್ಲಿಂದ ವಾಪಸ್ ಬಂದಾಗ ಮೂಲ ಪದ ಅಕ್ಷರಶಃ ಸಿಗಬೇಕು. ಸಿಗಲಿಲ್ಲ ಅಂದ್ರೆ ಮಾಹಿತಿ ಕಳೆದುಹೋಗಿದೆ ಅಂತ ಅರ್ಥ.

ಕನ್ನಡಕ್ಕೆ ಬಂದ್ರೆ ಬಿ-ಇ-ಎಲ್-ಇ ಅಂತ ಬರೆದಿದ್ದು ಏನು? ಬೆಲೆನಾ, ಬೆಳೆನಾ, ಬೇಳೆನಾ? ಚುಕ್ಕೆ ಗೆರೆ ಬಿಟ್ರೆ ಮೂರೂ ಒಂದೇ. ಮಲೆ ಮತ್ತು ಮಳೆ ಒಂದೇ. ಕೆರೆನೂ ಕೇರೆ ಹಾವೂ ಒಂದೇ. ವಾಕ್ಯದಲ್ಲಿ ಇದ್ರೆ ಸಂದರ್ಭ ನೋಡಿ ಗೊತ್ತಾಗುತ್ತೆ, ಪುಸ್ತಕದ ಶೀರ್ಷಿಕೆ ಒಂದೇ ಪದ ಇದ್ರೆ ಸಂದರ್ಭ ಎಲ್ಲಿಂದ ತರ್ತೀರಿ?

ಭಾರತದ ಲಿಪಿಗಳಿಗೆ ಕಣ್ಮುಚ್ಚಿ ಐಎಸ್‌ಒ 15919 ಹಿಡೀರಿ. ಈ ಲಿಪಿಗಳನ್ನ ರೋಮನ್‌ಗೆ ತರೋದಕ್ಕೆ ಇರೋ ಅಂತಾರಾಷ್ಟ್ರೀಯ ಮಾನದಂಡ ಅದು, 2001ರಲ್ಲಿ ಬಂದಿದ್ದು.

ಹಳೆಹೊತ್ತಿಗೆ
ಐಎಸ್‌ಒ ಯಾಕ್ರೀ, ಸಂಸ್ಕೃತದವರು ನೂರು ವರ್ಷದಿಂದ ಬಳಸ್ತಾ ಇರೋ ಐಎಎಸ್‌ಟಿ ಇದೆಯಲ್ಲ. 1894ರಲ್ಲಿ ಜಿನೀವಾದಲ್ಲಿ ಪ್ರಾಚ್ಯ ವಿದ್ವಾಂಸರ ಸಮ್ಮೇಳನ ನಡೀತು, ಅಲ್ಲಿ ಒಪ್ಕೊಂಡಿದ್ದನ್ನೇ ಆಧಾರ ಮಾಡ್ಕೊಂಡು ಬಂದಿದ್ದು ಅದು. ಎಷ್ಟೋ ಗ್ರಂಥಗಳು ಅದರಲ್ಲೇ ಅಚ್ಚಾಗಿವೆ. ಹೊಸದು ಕಲಿಯೋ ಅಗತ್ಯ ಏನಿದೆ?

ಕೋಡ್‌ಗುಬ್ಬಿ
@ಹಳೆಹೊತ್ತಿಗೆ ಅದು ಸಂಸ್ಕೃತಕ್ಕೆ ಮಾಡಿದ್ದು ಸರ್, ಕನ್ನಡಕ್ಕೆ ಸಾಲಲ್ಲ. ಸಂಸ್ಕೃತದಲ್ಲಿ ಏ ಓ ಯಾವಾಗಲೂ ದೀರ್ಘ, ಹ್ರಸ್ವ ಎ ಒ ಇಲ್ವೇ ಇಲ್ಲ. ಹಾಗಾಗಿ ಅಲ್ಲಿ ಬರೀ ಇ ಮತ್ತು ಒ ಅಕ್ಷರ ಬರೆದ್ರೆ ಸಾಕು, ಮೇಲೆ ಗೆರೆ ಬೇಡ. ಕನ್ನಡ, ತೆಲುಗು, ತಮಿಳು, ಮಲಯಾಳಂನಲ್ಲಿ ಎರಡೂ ಇವೆ, ಗೆರೆ ಇಲ್ಲಾಂದ್ರೆ ಬೆಳೆ ಬೇಳೆ ಕಥೆ ಆಗುತ್ತೆ. ಐಎಸ್‌ಒದಲ್ಲಿ ದೀರ್ಘಕ್ಕೆ ಕಡ್ಡಾಯವಾಗಿ ಗೆರೆ ಇದೆ.

ಇನ್ನೊಂದು ಮುಖ್ಯವಾದ್ದು ಎಲ್ ಅಕ್ಷರದ ಕೆಳಗೆ ಚುಕ್ಕೆ. ಐಎಎಸ್‌ಟಿಯಲ್ಲಿ ಅದು ಌ ಸ್ವರ, ಯಾರೂ ದಿನನಿತ್ಯ ಬಳಸದೇ ಇರೋ ಅಕ್ಷರ. ಕನ್ನಡದಲ್ಲಿ ಸಾಲಿಗೊಂದು ಳ ಬರುತ್ತೆ. ಐಎಸ್‌ಒದವರು ಆ ಚುಕ್ಕೆಯನ್ನ ಳ ಗೆ ಕೊಟ್ಟು, ಌ ಮತ್ತು ಋ ಎರಡಕ್ಕೂ ಕೆಳಗೆ ಪುಟ್ಟ ಸೊನ್ನೆ ಹಾಕಿದ್ರು. ಅನುಸ್ವಾರದ ಚುಕ್ಕೆ ಎಮ್ ಕೆಳಗಿಂದ ಮೇಲಕ್ಕೆ ಹೋಯ್ತು. ಹಳಗನ್ನಡದ ಱ ಮತ್ತು ೞ ಗೂ ಜಾಗ ಇದೆ, ಆರ್ ಮತ್ತು ಎಲ್ ಕೆಳಗೆ ಅಡ್ಡಗೆರೆ. ಹಳಗನ್ನಡದ ಪುಸ್ತಕ ಇದ್ರೆ ಇದೊಂದೇ ಕಾರಣಕ್ಕೆ ಐಎಸ್‌ಒ ತಗೋಬೇಕು ಅಂತೀನಿ ನಾನು.

ಹಳೆಹೊತ್ತಿಗೆ
ಌ ವಿಷಯ ಸರಿ. ಹ್ರಸ್ವ ದೀರ್ಘದ್ದೂ ಸರಿ. ಆದ್ರೆ ಸಂಸ್ಕೃತದ ಹಳೇ ಪುಸ್ತಕಗಳ ಶೀರ್ಷಿಕೆ ಐಎಎಸ್‌ಟಿಯಲ್ಲೇ ಅಚ್ಚಾಗಿದ್ರೆ ಅದನ್ನ ತಿದ್ದಬೇಡಿ ಅಂತ ಕೇಳ್ಕೋತೀನಿ. ಹುಡುಕೋರು ಅದನ್ನೇ ಹುಡುಕ್ತಾರೆ.

ಸೊನ್ನೆಸುತ್ತು
ನನ್ನ ಪ್ರಶ್ನೆ ಸರಳ. ತ ಗೆ ಟಿ ಹಾಕ್ಬೇಕಾ ಟಿ-ಹೆಚ್ ಹಾಕ್ಬೇಕಾ? ಲತಾ, ಗೀತಾ ಅನ್ನೋ ಹೆಸರುಗಳನ್ನ ದಕ್ಷಿಣದವರು ಟಿ-ಹೆಚ್‌ನಲ್ಲಿ ಬರೀತೀವಿ, ಉತ್ತರದವರು ಬರೀ ಟಿ. ನಮ್ಮ ಹೆಸರನ್ನ ಅವರು ಓದಿದ್ರೆ ಥ ಅಂತಾರೆ, ಅವರ ಹೆಸರನ್ನ ನಾವು ಓದಿದ್ರೆ ಟ ಅಂತೀವಿ.

ಓದುಬಾಕ
ಟಿ-ಹೆಚ್. ಇದರಲ್ಲಿ ಚರ್ಚೆನೇ ಇಲ್ಲ. ಇಂಗ್ಲಿಷ್‌ನ ಟಿ ನಮ್ಮ ಕಿವಿಗೆ ಟ. ತ ಗೆ ಹತ್ತಿರ ಇರೋದು ಟಿ-ಹೆಚ್.

ನಿಘಂಟುಹುಳ
ಟಿ-ಹೆಚ್ ತ ಗೆ ಕೊಟ್ರೆ ಥ ಗೆ ಏನು ಕೊಡ್ತೀರಿ? ರಥ ಮತ್ತು ರತ ಎರಡೂ ಒಂದೇ ಆಗೋಯ್ತು. ಕ ಗೆ ಕೆ, ಖ ಗೆ ಕೆ-ಹೆಚ್. ಗ ಗೆ ಜಿ, ಘ ಗೆ ಜಿ-ಹೆಚ್. ಪ ಗೆ ಪಿ, ಫ ಗೆ ಪಿ-ಹೆಚ್. ಎಲ್ಲಾ ಕಡೆ ಹೆಚ್ ಅಂದ್ರೆ ಮಹಾಪ್ರಾಣ, ತ ಒಂದರಲ್ಲಿ ಮಾತ್ರ ಅಲ್ಪಪ್ರಾಣ ಅಂದ್ರೆ ಯಾವ ನ್ಯಾಯ?

ಇದರ ಹಿಂದೆ ಒಂದು ಕಾರಣ ಇದೆ, ಅದನ್ನ ಬರೀ ತಪ್ಪು ಅಂತ ತಳ್ಳಿ ಹಾಕೋಕೆ ಆಗಲ್ಲ. ಚುಕ್ಕೆ ಹಾಕೋ ವ್ಯವಸ್ಥೆ ಇಲ್ದೇ ಹೋದ್ರೆ ತ ಮತ್ತು ಟ ಎರಡನ್ನೂ ಟಿ ಒಂದರಲ್ಲೇ ತುಂಬಬೇಕು. ಉತ್ತರದವರು ತ-ಟ ವ್ಯತ್ಯಾಸ ಬಿಟ್ಟು ಮಹಾಪ್ರಾಣ ಉಳಿಸ್ಕೊಂಡ್ರು. ದಕ್ಷಿಣದವರು ಮಹಾಪ್ರಾಣ ಬಿಟ್ಟು ತ-ಟ ವ್ಯತ್ಯಾಸ ಉಳಿಸ್ಕೊಂಡ್ರು. ತಮಿಳಲ್ಲಂತೂ ಮಹಾಪ್ರಾಣಕ್ಕೆ ಬೇರೆ ಅಕ್ಷರಾನೇ ಇಲ್ಲ, ಹೆಚ್ ಅಲ್ಲಿ ಖಾಲಿ ಕೂತಿತ್ತು, ಅದನ್ನ ಈ ಕೆಲಸಕ್ಕೆ ಬಳಸ್ಕೊಂಡ್ರು. ಅವರವರ ಭಾಷೇಲಿ ಯಾವ ವ್ಯತ್ಯಾಸ ಹೆಚ್ಚು ಬೇಕೋ ಅದನ್ನ ಇಟ್ಕೊಂಡಿದಾರೆ. ಚುಕ್ಕೆ ಹಾಕಿದ್ರೆ ಈ ಜಗಳನೇ ಬರಲ್ಲ, ಟಿ ಅಂದ್ರೆ ತ, ಚುಕ್ಕೆ ಟಿ ಅಂದ್ರೆ ಟ, ಹೆಚ್ ಸೇರಿದ್ರೆ ಥ, ಠ.

ಸೊನ್ನೆಸುತ್ತು
ಇದು ಚೆನ್ನಾಗಿ ಅರ್ಥ ಆಯ್ತು, ಥ್ಯಾಂಕ್ಸ್. ಆದ್ರೆ ಮನುಷ್ಯರ ಹೆಸರು ತಿದ್ದೋದು ನಂಗೆ ಇಷ್ಟ ಆಗಲ್ಲ. ಅವರು ಹೇಗೆ ಬರ್ಕೋತಾರೋ ಹಾಗೇ ಇರಬೇಕು.

ಕಾಂಜಿಕಲಿ
ಜಪಾನೀಸ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಅಲ್ಲಿ ಎರಡು ಪದ್ಧತಿ ದಶಕಗಳಿಂದ ಒಟ್ಟೊಟ್ಟಿಗೆ ಇವೆ. ಹೆಪ್‌ಬರ್ನ್ ಅನ್ನೋ ಅಮೆರಿಕನ್ ಮಿಷನರಿ ವೈದ್ಯರ ನಿಘಂಟಿನ 1886ರ ಮೂರನೇ ಆವೃತ್ತಿಯಿಂದ ಜನಪ್ರಿಯ ಆಗಿದ್ದು ಒಂದು. ಸರ್ಕಾರ 1937ರಲ್ಲಿ ತಂದು 1954ರಲ್ಲಿ ಮತ್ತೆ ಹೊರಡಿಸಿದ ಕುನ್ರೇಶಿಕಿ ಇನ್ನೊಂದು. ಶಿ, ಚಿ, ತ್ಸು, ಫು ಅಕ್ಷರಗಳನ್ನ ಹೆಪ್‌ಬರ್ನ್‌ನಲ್ಲಿ ಇಂಗ್ಲಿಷ್ ಕಿವಿಗೆ ಕೇಳೋ ಹಾಗೆ ಎಸ್-ಹೆಚ್-ಐ, ಸಿ-ಹೆಚ್-ಐ ಅಂತ ಬರೀತಾರೆ. ಕುನ್ರೇಶಿಕಿಯಲ್ಲಿ ಎಸ್-ಐ, ಟಿ-ಐ, ಟಿ-ಯು, ಹೆಚ್-ಯು. ಹೊರಗಿನವರಿಗೆ ಎರಡನೇದು ತಪ್ಪು ಅನ್ಸುತ್ತೆ, ಆದ್ರೆ ಜಪಾನೀಸ್ ಅಕ್ಷರಮಾಲೆ ಸಾಲು ನೋಡಿದೋರಿಗೆ ಅದೇ ಸರಿ, ಸ-ಶಿ-ಸು-ಸೆ-ಸೊ ಎಲ್ಲಾ ಒಂದೇ ಸಾಲು, ಒಂದೇ ವ್ಯಂಜನ. ವ್ಯಾಕರಣ ಕಲಿಯೋವಾಗ ಕ್ರಿಯಾಪದದ ರೂಪಗಳು ಕುನ್ರೇಶಿಕಿಯಲ್ಲಿ ಎಷ್ಟು ನೀಟಾಗಿ ಕಾಣ್ತಾವೆ ಗೊತ್ತಾ!

ಆದ್ರೆ ಬೋರ್ಡು, ಪಾಸ್‌ಪೋರ್ಟು ಎಲ್ಲಾ ಹೆಪ್‌ಬರ್ನ್. 2025ರಲ್ಲಿ ಅಲ್ಲಿನ ಸಂಸ್ಕೃತಿ ಮಂಡಳಿನೂ ಹೆಪ್‌ಬರ್ನ್ ಆಧಾರದ ಬರಹಕ್ಕೆ ಹೋಗಿ ಅಂತ ಶಿಫಾರಸು ಮಾಡ್ತು. ಹಾಗಾಗಿ ಓಲೆಗರಿ ಅವರೇ, ಕಣ್ಮುಚ್ಚಿ ಹೆಪ್‌ಬರ್ನ್, ದೀರ್ಘದ ಗೆರೆ ಮಾತ್ರ ಬಿಡಬೇಡಿ. ಒನೊ ಅನ್ನೋ ಮನೆತನದ ಹೆಸರೂ ಓನೊ ಅನ್ನೋ ಮನೆತನದ ಹೆಸರೂ ಬೇರೆ ಬೇರೆ, ಒಂದು ಚಿಕ್ಕ ಬಯಲು, ಇನ್ನೊಂದು ದೊಡ್ಡ ಬಯಲು. ಪಾಸ್‌ಪೋರ್ಟಲ್ಲಿ ಗೆರೆ ಹಾಕೋ ಹಾಗಿಲ್ಲ, ಅದಕ್ಕೇ ಕೇಳ್ಕೊಂಡೋರಿಗೆ ಒ ಪಕ್ಕ ಹೆಚ್ ಹಾಕೋಕೆ ಬಿಡ್ತಾರೆ.

ಓದುಬಾಕ
ನೋಡಿ, ಕೊನೆಗೂ ಕಿವಿಗೆ ಕೇಳೋ ಪದ್ಧತಿನೇ ಗೆದ್ದಿದ್ದು 🙂

ನಾಲ್ಕುಸ್ವರ
@ಓದುಬಾಕ ಚೀನಾದಲ್ಲಿ ಗೆದ್ದಿಲ್ಲ. ಚೈನೀಸನ್ನ ರೋಮನ್‌ನಲ್ಲಿ ಬರೆಯೋ ಪಿನ್ಯಿನ್ ಪದ್ಧತಿ ನೋಡಿ, ಕ್ಯೂ ಅಕ್ಷರಕ್ಕೆ ಛ ಥರದ ಧ್ವನಿ, ಎಕ್ಸ್‌ಗೆ ಶ ಥರದ್ದು, ಸಿ ಗೆ ತ್ಸ್. ಇಂಗ್ಲಿಷ್ ಓದುಗರ ಕಿವಿಯನ್ನ ಅವರು ಲೆಕ್ಕಕ್ಕೇ ತಗೊಂಡಿಲ್ಲ, ಯಾಕಂದ್ರೆ ಅದನ್ನ ಮಾಡಿದ್ದು ಚೀನೀ ಮಕ್ಕಳಿಗೆ ಓದು ಕಲಿಸೋಕೆ. ಖಾಲಿ ಬಿದ್ದಿದ್ದ ಅಕ್ಷರಗಳನ್ನ ತಮ್ಮ ಧ್ವನಿಗಳಿಗೆ ಹಂಚಿದ್ರು. 1958ರಲ್ಲಿ ಜಾರಿಗೆ ಬಂತು. ಅದರ ಹಿಂದೆ ದುಡಿದ ಝೌ ಯೌಗ್ವಾಂಗ್ ಮೂಲತಃ ಅರ್ಥಶಾಸ್ತ್ರದವರು, 111 ವರ್ಷ ಬದುಕಿ 2017ರಲ್ಲಿ ತೀರ್ಕೊಂಡ್ರು. 1977ರಲ್ಲಿ ವಿಶ್ವಸಂಸ್ಥೆಯ ಸ್ಥಳನಾಮ ಸಮ್ಮೇಳನ ಒಪ್ಕೊಳ್ತು, 1982ರಲ್ಲಿ ಐಎಸ್‌ಒ 7098 ಆಯ್ತು. ಅದಕ್ಕಿಂತ ಮುಂಚೆ ಇದ್ದ ವೇಡ್-ಜೈಲ್ಸ್ ಪದ್ಧತೀಲಿ ಪೀಕಿಂಗ್ ಅಂತ ಇದ್ದಿದ್ದು ಬೀಜಿಂಗ್ ಆಗಿದ್ದು ಹೀಗೆ.

ನಿಘಂಟುಹುಳ
ಸಣ್ಣ ತಿದ್ದುಪಡಿ. ಪೀಕಿಂಗ್ ವೇಡ್-ಜೈಲ್ಸ್ ಅಲ್ಲ, ಅದು ಅಂಚೆ ಇಲಾಖೆ ಬಳಸ್ತಿದ್ದ ಸ್ಪೆಲಿಂಗ್, ಹಳೇ ಉಚ್ಚಾರದ ಕ ಅದರಲ್ಲಿ ಉಳ್ಕೊಂಡಿದೆ. ವೇಡ್-ಜೈಲ್ಸ್ ಪ್ರಕಾರ ಪಿ-ಇ-ಐ, ಹೈಫನ್, ಸಿ-ಹೆಚ್-ಐ-ಎನ್-ಜಿ ಬರಬೇಕು.

ನಾಲ್ಕುಸ್ವರ
ಹೌದು, ಅಂಚೆಯದ್ದೇ. ಆದ್ರೆ ವೇಡ್-ಜೈಲ್ಸ್ ಕಥೆ ಹೇಳಲೇಬೇಕು, ಯಾಕಂದ್ರೆ ಹಳೇ ಪುಸ್ತಕಗಳ ಕ್ಯಾಟಲಾಗಲ್ಲಿ ಅದೇ ತುಂಬಿದೆ. ಅದರಲ್ಲಿ ಅಲ್ಪಪ್ರಾಣಕ್ಕೆ ಪಿ, ಮಹಾಪ್ರಾಣಕ್ಕೆ ಪಿ ಮತ್ತು ಒಂದು ಅಪಾಸ್ಟ್ರಫಿ. ಟಿ, ಕೆ, ಸಿ-ಹೆಚ್ ಎಲ್ಲಕ್ಕೂ ಹೀಗೇ. ಪದ್ಧತಿ ಚೆನ್ನಾಗೇ ಇತ್ತು. ಆದ್ರೆ ಪತ್ರಿಕೆಯವರು, ನಕ್ಷೆಯವರು, ಟೈಪ್ ಮಾಡೋರು ಎಲ್ಲಾ ಆ ಪುಟಾಣಿ ಗುರುತು ಯಾಕೆ ಅಂತ ಬಿಟ್ಟುಬಿಟ್ರು, ಪ ಫ, ತ ಥ ಎಲ್ಲಾ ಒಂದಾಗಿ ಹೋಯ್ತು. ಪಿನ್ಯಿನ್‌ನಲ್ಲಿ ಅದಕ್ಕೆ ಬಿ ಮತ್ತು ಪಿ, ಡಿ ಮತ್ತು ಟಿ ಅಂತ ಪೂರ್ತಿ ಅಕ್ಷರಾನೇ ಕೊಟ್ರು, ಬಿಡೋಕೆ ಆಗದ ಹಾಗೆ. ಒಂದು ಪದ್ಧತಿ ಎಷ್ಟು ಶಾಸ್ತ್ರೀಯ ಅನ್ನೋದಕ್ಕಿಂತ ಜನರ ಕೈಯಲ್ಲಿ ಅದರ ಯಾವ ಭಾಗ ಉದುರುತ್ತೆ ಅನ್ನೋದನ್ನ ನೋಡ್ಬೇಕು ಅಂತ ನಾನು ಹೇಳೋದು ಇದಕ್ಕೇ.

ಪಿನ್ಯಿನ್‌ನಲ್ಲೂ ದನಿಯ ಏರಿಳಿತದ ಗುರುತು ಉದುರುತ್ತೆ. ಚೀನಾದಲ್ಲಿ ಅಕ್ಕಪಕ್ಕದ ಎರಡು ಪ್ರಾಂತ್ಯ, ಏರಿಳಿತ ಬಿಟ್ರೆ ಎರಡರ ಹೆಸರೂ ಶಾನ್‌ಶಿ. ಗುರುತಿಲ್ಲದೇ ಬೇರೆ ಮಾಡೋಕೆ ಒಂದರಲ್ಲಿ ಎ ಎರಡು ಸಲ ಬರೀತಾರೆ. ಅದು ಪಿನ್ಯಿನ್ ನಿಯಮ ಅಲ್ಲ, 1928ರ ಇನ್ನೊಂದು ಪದ್ಧತೀಲಿ ಏರಿಳಿತವನ್ನ ಅಕ್ಷರದಲ್ಲೇ ತೋರಿಸ್ತಿದ್ರು, ಅಲ್ಲಿಂದ ಎರವಲು ತಂದಿದ್ದು. ಶಿಯಾನ್ ನಗರದ ಹೆಸರಲ್ಲಿ ಮಧ್ಯ ಅಪಾಸ್ಟ್ರಫಿ ಇದೆ, ಅದನ್ನೂ ಬಿಡಬೇಡಿ, ಬಿಟ್ರೆ ಎರಡು ಅಕ್ಷರದ ಪದ ಒಂದೇ ಅಕ್ಷರದ ಪದ ಆಗುತ್ತೆ.

ಬಯಲುಗಾಳಿ
ಇಷ್ಟೆಲ್ಲಾ ಕಷ್ಟ ಯಾಕೆ, ಎಲ್ಲಾ ಭಾಷೆಯವರೂ ರೋಮನ್ ಲಿಪಿಗೇ ಬಂದ್ಬಿಟ್ರೆ ಆಗಲ್ವಾ? ಟರ್ಕಿ 1928ರಲ್ಲಿ ಮಾಡ್ತಲ್ಲ. ವಿಯೆಟ್ನಾಂ ಕೂಡ.

ಹಳೆಹೊತ್ತಿಗೆ
ಅದು ಬೇರೆ ವಿಷಯ. ಲಿಪಿ ಬದಲಾಯಿಸೋದು ಒಂದು, ಬೇರೆ ಲಿಪಿಯವರಿಗಾಗಿ ಹೆಸರನ್ನ ಬರೆದು ಕೊಡೋದು ಇನ್ನೊಂದು. ಲಿಪಿ ಬದಲಾದ್ರೆ ಒಂದೆರಡು ತಲೆಮಾರು ಆದ ಮೇಲೆ ಹಳೇ ಪುಸ್ತಕ ಓದೋಕೆ ವಿಶೇಷ ಕಲಿಕೆ ಬೇಕಾಗುತ್ತೆ. ಅದು ಸಣ್ಣ ಬೆಲೆ ಅಲ್ಲ. ನನಗೆ ಕನ್ನಡ ಲಿಪೀಲೇ ಕನ್ನಡ ಬೇಕು.

ಸೊನ್ನೆಸುತ್ತು
+1

ಕೋಡ್‌ಗುಬ್ಬಿ
ಸರ್ಬಿಯನ್ ಭಾಷೇಲಿ ಎರಡೂ ಲಿಪಿ ಜೊತೆಗೇ ಇವೆ, ಎರಡರಲ್ಲೂ 30 ಅಕ್ಷರ, ಒಂದಕ್ಕೊಂದು ಜೋಡಿ. ಅಲ್ಲೂ ಮೂರು ಸಿರಿಲಿಕ್ ಅಕ್ಷರಕ್ಕೆ ರೋಮನ್‌ನಲ್ಲಿ ಜೋಡಕ್ಷರ ಬಳಸ್ತಾರೆ, ಎನ್-ಜೆ ಬಂದಾಗ ಅದು ಒಂದು ಅಕ್ಷರಾನೋ ಎರಡು ಅಕ್ಷರಾನೋ ಅಂತ ಪ್ರೋಗ್ರಾಂಗೆ ಪದಪಟ್ಟಿ ಕೊಡಬೇಕಾಗುತ್ತೆ. ಅಷ್ಟು ಅಚ್ಚುಕಟ್ಟಾದ ಜೋಡೀಲೂ ವಾಪಸ್ ಹೋಗೋ ದಾರೀಲಿ ಒಂದು ಗುಂಡಿ ಇದೆ.

ಮರಳುಗಡಿಯಾರ
ಅರೇಬಿಕ್ ಹೇಳಿ ಯಾರಾದ್ರೂ. ನನ್ನ ಕೆಲಸ ಪೂರ್ತಿ ಅದೇ. ಅರೇಬಿಕ್‌ನಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯೋದೇ ಇಲ್ಲ. ಅಂದ್ರೆ ಅಕ್ಷರಕ್ಕೆ ಅಕ್ಷರ ಇಟ್ರೆ ಮುಹಮ್ಮದ್ ಅನ್ನೋದು ಎಮ್-ಹೆಚ್-ಎಮ್-ಡಿ, ನಾಲ್ಕೇ ವ್ಯಂಜನ. ಸ್ವರ ತುಂಬಬೇಕಾದ್ರೆ ಆ ಪದ ಗೊತ್ತಿರಬೇಕು. ಬರೀ ಅಕ್ಷರ ನೋಡಿ ಮಾಡೋಕೆ ಆಗಲ್ಲ. ಮೇಲಿಂದ ಊರೂರಿಗೆ ಉಚ್ಚಾರ ಬೇರೆ, ವಸಾಹತು ಕಾಲದಲ್ಲಿ ಎಲ್ಲಿ ಫ್ರೆಂಚ್ ಇತ್ತು ಎಲ್ಲಿ ಇಂಗ್ಲಿಷ್ ಇತ್ತು ಅನ್ನೋದರ ಮೇಲೆ ಸ್ಪೆಲಿಂಗ್ ಬೇರೆ. ಲಿಬಿಯಾದ ಗಡಾಫಿ ಹೆಸರು ಜಿ, ಕೆ, ಕ್ಯೂ ಮೂರರಿಂದಲೂ ಶುರುವಾಗುತ್ತೆ. ಮೊದಲ ಅಕ್ಷರ ಗಂಟಲಿನ ಆಳದ ಕ, ಅಲ್ಲಿಯ ಆಡುಮಾತಲ್ಲಿ ಅದು ಗ.

ಹುಡುಗರು ಚಾಟ್ ಮಾಡೋವಾಗ ಅಂಕಿ ಬಳಸ್ತಾರೆ ನೋಡಿ, ಅದು ನನಗೆ ತುಂಬಾ ಇಷ್ಟ. ಆಯ್ನ್ ಅಕ್ಷರಕ್ಕೆ 3, ಗಂಟಲಿನ ಹ ಗೆ 7, ಹಮ್ಜಾಕ್ಕೆ 2. ಆಕಾರ ನೋಡಿ ಆರಿಸಿದ್ದು, 3 ತಿರುಗಿಸಿದ್ರೆ ಆಯ್ನ್ ಥರಾನೇ ಕಾಣುತ್ತೆ. ಯಾವ ಸಮಿತಿನೂ ಕೂತು ಮಾಡಿದ್ದಲ್ಲ. ಫೋನಲ್ಲಿ ಅರೇಬಿಕ್ ಅಕ್ಷರ ಇರಲಿಲ್ಲ, ಜನ ಮಾಡ್ಕೊಂಡ್ರು, ಒಬ್ಬರಿಗೊಬ್ಬರಿಗೆ ಅರ್ಥ ಆಯ್ತು. ಎಷ್ಟೋ ಪುಸ್ತಕಗಳಲ್ಲಿ ಆಯ್ನ್ ಮತ್ತು ಹಮ್ಜಾ ಎರಡಕ್ಕೂ ಒಂದೇ ಅಪಾಸ್ಟ್ರಫಿ ಹಾಕಿ ಕೈ ತೊಳ್ಕೋತಾರೆ, ಚಾಟ್ ಹುಡುಗರು ಅದನ್ನ ಬೇರೆಬೇರೆಯಾಗೇ ಇಟ್ಕೊಂಡಿದಾರೆ.

ನಿಘಂಟುಹುಳ
ಗ್ರೀಕರೂ ಹೀಗೇ ಮಾಡ್ತಾರೆ, ಥೀಟಾಗೆ 8, ಒಮೇಗಾಗೆ ಡಬ್ಲ್ಯೂ, ಅದೂ ಆಕಾರ ನೋಡಿನೇ.

ಬಯಲುಗಾಳಿ
ನಾವು ಕನ್ನಡ ಟೈಪ್ ಮಾಡೋದೂ ಇದೇ ಅಲ್ವಾ? ರೋಮನ್ ಒತ್ತಿದ್ರೆ ಕನ್ನಡ ಬರುತ್ತೆ.

ಕೋಡ್‌ಗುಬ್ಬಿ
ಎರಡು ಥರ ಇದೆ. ಸ್ಪೆಲಿಂಗ್ ಹೊಡೆದ್ರೆ ಪದ ಊಹಿಸಿ ಕೊಡೋದು ಒಂದು, ಅದು ರೋಮನ್‌ನಿಂದ ಕನ್ನಡಕ್ಕೆ ಬರೋ ಉಲ್ಟಾ ಲಿಪ್ಯಂತರ. ನುಡಿ ಕೀಲಿಮಣೆ ಬೇರೆ, ಅಲ್ಲಿ ಒಂದು ಕೀಲಿಗೆ ಒಂದು ಅಕ್ಷರ, ಕ್ಯೂ ಒತ್ತಿದ್ರೆ ಟ, ಡಬ್ಲ್ಯೂ ಒತ್ತಿದ್ರೆ ಡ. ಇಂಗ್ಲಿಷ್ ಉಚ್ಚಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ಖಾಲಿ ಇದ್ದ ಕೀಲಿ ತಗೊಂಡಿದಾರೆ. ಪಿನ್ಯಿನ್‌ನವರು ಮಾಡಿದ್ದೂ ಅದೇ ಬುದ್ಧಿ.

ಓಲೆಗರಿ ಅವರೇ ಒಂದು ಎಚ್ಚರಿಕೆ. ಚುಕ್ಕೆ ಹಾಕೋದು ಕಷ್ಟ ಅಂತ ಐಟ್ರಾನ್ಸ್ ಅಥವಾ ಹಾರ್ವರ್ಡ್-ಕ್ಯೋಟೋ ಪದ್ಧತಿಗೆ ಹೋಗಬೇಡಿ. ಅಲ್ಲಿ ದೊಡ್ಡಕ್ಷರ ಚಿಕ್ಕಕ್ಷರಕ್ಕೆ ಅರ್ಥ ಬೇರೆ, ಚಿಕ್ಕ ಎನ್ ಅಂದ್ರೆ ನ, ದೊಡ್ಡ ಎನ್ ಅಂದ್ರೆ ಣ. ಟೈಪ್ ಮಾಡೋಕೆ ಬಹಳ ಅನುಕೂಲ, ಆದ್ರೆ ಯಾವುದೋ ಸಾಫ್ಟ್‌ವೇರ್ ಹೆಸರಿನ ಮೊದಲಕ್ಷರ ದೊಡ್ಡದು ಮಾಡಿದ ಕ್ಷಣ ಪದವೇ ಬದಲಾಗುತ್ತೆ.

ಹನ್ಗುಲ್‌ಹುಚ್ಚಿ
ಸೊನ್ನೆಸುತ್ತು ಅವರು ಹೇಳಿದ ಮಾತಿಗೆ ಬರ್ತೀನಿ, ಮನುಷ್ಯರ ಹೆಸರು ಅವರು ಬರೆದ ಹಾಗೇ ಇರಲಿ ಅನ್ನೋದು. ಕೊರಿಯಾದಲ್ಲಿ ಸರ್ಕಾರನೇ ಅದನ್ನ ಒಪ್ಕೊಂಡಿದೆ. 2000ದಲ್ಲಿ ಹೊಸ ಪದ್ಧತಿ ಬಂತು, ಪಿ ಇಂದ ಬರೀತಿದ್ದ ಬುಸಾನ್ ಬಿ ಆಯ್ತು, ಹಳೇ ಮೆಕ್ಯೂನ್-ರೈಶವರ್ ಪದ್ಧತಿಯ ಒ ಮೇಲಿನ ಬಟ್ಟಲು ಗುರುತು ಹೋಗಿ ಇ-ಒ ಬಂತು, ರಸ್ತೆ ಬೋರ್ಡುಗಳನ್ನೆಲ್ಲಾ ಬದಲಾಯಿಸಿದ್ರು. ಆದ್ರೆ ಜನರ ಹೆಸರು ಮೊದಲಿನ ಹಾಗೇ ಇಟ್ಕೋಬಹುದು ಅಂತ ಬಿಟ್ರು. ಹಾಗಾಗಿ ಪಾರ್ಕ್ ಅನ್ನೋ ಮನೆತನ ಪದ್ಧತಿ ಪ್ರಕಾರ ಬಿ-ಎ-ಕೆ ಆಗಬೇಕು, ಯಾರೂ ಹಾಗೆ ಬರೆಯಲ್ಲ. ಮೂಲದಲ್ಲಿ ಆರ್ ಧ್ವನಿನೇ ಇಲ್ಲ! ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಎ-ಆರ್ ಅಂದ್ರೆ ಉದ್ದ ಆ, ಅದಕ್ಕೆ ಆರ್ ಸೇರಿದ್ದು. ಲೀ ಅನ್ನೋರ ಹೆಸರು ದಕ್ಷಿಣ ಕೊರಿಯಾದಲ್ಲಿ ಬರೀ ಈ ಅಂತ, ಎಲ್ ಇಲ್ಲ. ಕೆಲವರು ವೈ-ಐ ಬರೀತಾರೆ, ಕೆಲವರು ಆರ್-ಹೆಚ್-ಇ-ಇ. ಒಂದೇ ಮನೆತನದ ಹೆಸರು.

ಪದ್ಧತಿ ಪ್ರಕಾರ ಸರಿಮಾಡ್ತೀನಿ ಅಂತ ಹೋದ್ರೆ ಆ ಲೇಖಕರನ್ನ ಅವರ ಓದುಗರೇ ಗುರುತಿಸಲ್ಲ.

ನಿಘಂಟುಹುಳ
ಸರಿ, ಆದ್ರೆ ಲೇಖಕರು ತೀರ್ಕೊಂಡು ಇನ್ನೂರು ವರ್ಷ ಆಗಿದ್ರೆ? ಅವರು ರೋಮನ್‌ನಲ್ಲಿ ಹೆಸರೇ ಬರೆದಿಲ್ಲ. ಅವರಿಗೆ ಪದ್ಧತಿನೇ ಬೇಕು.

ಹನ್ಗುಲ್‌ಹುಚ್ಚಿ
ಅವರಿಗೆ ಪದ್ಧತಿ, ಒಪ್ತೀನಿ. ಬದುಕಿರೋರಿಗೆ ಅವರ ಆಯ್ಕೆ.

ಮರಳುಗಡಿಯಾರ
ಊರಿನ ಹೆಸರಿಗೂ ಇದು ಅನ್ವಯ ಆಗುತ್ತೆ. ಉಕ್ರೇನಿನ ರಾಜಧಾನಿ ರಷ್ಯನ್ ಮೂಲಕ ಬಂದಿದ್ರಿಂದ ಕೆ-ಐ-ಇ-ವಿ, ಉಕ್ರೇನಿಯನ್ ಮೂಲಕ ಬಂದ್ರೆ ಕೆ-ವೈ-ಐ-ವಿ. ಅವರು 1995ರಲ್ಲೇ ಎರಡನೇದನ್ನ ಅಧಿಕೃತ ಮಾಡ್ಕೊಂಡ್ರು, ದೊಡ್ಡ ಸುದ್ದಿಸಂಸ್ಥೆಗಳು ಬದಲಾಯಿಸಿದ್ದು 2019ರ ಹೊತ್ತಿಗೆ. ಲಿಪಿ ಎರಡಕ್ಕೂ ಸಿರಿಲಿಕ್ಕೇ, ಆದ್ರೆ ಒಂದೇ ಅಕ್ಷರ ರಷ್ಯನ್‌ನಲ್ಲಿ ಗ, ಉಕ್ರೇನಿಯನ್‌ನಲ್ಲಿ ಹ. ಲಿಪಿ ನೋಡಿ ಪದ್ಧತಿ ಆರಿಸೋಕೆ ಹೋಗಬೇಡಿ, ಭಾಷೆ ನೋಡಿ ಆರಿಸಿ.

ಓದುಬಾಕ
ಇಷ್ಟೆಲ್ಲಾ ಓದಿದ ಮೇಲೂ ನನ್ನ ಮಾತು ಅದೇ. ಚುಕ್ಕೆ ಹಾಕಿದ ಹೆಸರನ್ನ ಹುಡುಕೋ ಜಾಗದಲ್ಲಿ ಯಾರೂ ಟೈಪ್ ಮಾಡಲ್ಲ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದೋ ಎರಡು ಸಾಲು ನೋಡಿ, ಸಾಲಿಗೆ 44 ಜಾಗ, ಎ ಇಂದ ಝಡ್, ಅಂಕಿ, ಮತ್ತೆ ಖಾಲಿ ತುಂಬೋಕೆ ಒಂದು ಗುರುತು. ಚುಕ್ಕೆಗೆ ಜಾಗ ಇಲ್ಲ, ಅಪಾಸ್ಟ್ರಫಿಗೂ ಜಾಗ ಇಲ್ಲ. ಜನರ ಜೀವನ ನಡೆಯೋದು ಆ 26 ಅಕ್ಷರದಲ್ಲಿ. ಒಂದು ದಾಖಲೇಲಿ ಎ ಒಂದು, ಇನ್ನೊಂದರಲ್ಲಿ ಎ ಎರಡು ಇದ್ದಿದ್ದಕ್ಕೆ ಇದು ನೀವೇನಾ ಅಂತ ಕೇಳಿಸ್ಕೊಂಡೋರು ಎಷ್ಟು ಜನ ಇಲ್ಲ? ಅವರಿಗೆ ಬೇಕಾಗಿರೋದು ಒಂದು ಸ್ಪೆಲಿಂಗ್ ಹಿಡಿದು ಕೊನೇ ತನಕ ಬಿಡದೇ ಇರೋದು.

ಕೋಡ್‌ಗುಬ್ಬಿ
ಇದನ್ನ ನಾನು ಪೂರ್ತಿ ಒಪ್ತೀನಿ. ಆದ್ರೆ ಚುಕ್ಕೆ ಇರೋದರಿಂದ ಚುಕ್ಕೆ ತೆಗೆಯೋದು ಯಂತ್ರಕ್ಕೆ ಒಂದು ಕ್ಷಣದ ಕೆಲಸ, ಇಲ್ಲದೇ ಇರೋ ಚುಕ್ಕೆ ಸೇರಿಸೋದು ಯಾವ ಯಂತ್ರಕ್ಕೂ ಖಚಿತವಾಗಿ ಆಗಲ್ಲ. ಹಾಗಾಗಿ ಒಳಗೆ ಚುಕ್ಕೆ ಸಮೇತ ಇಡಿ, ಹುಡುಕೋ ಜಾಗದಲ್ಲಿ ಚುಕ್ಕೆ ಲೆಕ್ಕಿಸಬೇಡ ಅಂತ ಹೇಳಿ.

ಓದುಬಾಕ
ಹಾಗೆ ಆಗೋದಾದ್ರೆ ನನ್ನ ತಕರಾರಿಲ್ಲ.

ಹಳೆಹೊತ್ತಿಗೆ
ಇನ್ನೊಂದು ಮಾತು. ಒಬ್ಬ ಲೇಖಕರನ್ನ ಗುರುತಿಸೋಕೆ ಸ್ಪೆಲಿಂಗನ್ನೇ ನಂಬ್ಕೋಬೇಡಿ. ಐಎಸ್‌ಎನ್‌ಐ ಅಂತ 16 ಅಂಕಿಯ ಗುರುತು ಸಂಖ್ಯೆ ಇದೆ. ವಯಾಫ್ ಅನ್ನೋ ಪಟ್ಟೀಲಿ ಹಲವಾರು ದೇಶದ ರಾಷ್ಟ್ರೀಯ ಗ್ರಂಥಾಲಯಗಳು ಒಬ್ಬೊಬ್ಬ ಲೇಖಕರ ಎಲ್ಲಾ ಸ್ಪೆಲಿಂಗುಗಳನ್ನ ಒಂದೇ ಕಡೆ ಸೇರಿಸಿವೆ. ಚೈಕೋವ್‌ಸ್ಕಿ ಎಷ್ಟು ವೇಷದಲ್ಲಿದ್ರೂ ಅಲ್ಲಿ ಒಬ್ಬನೇ.

ಓಲೆಗರಿ
ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ವಿಚಾರ ಇದೆ ಅಂತ ಅಂದ್ಕೊಂಡಿರಲಿಲ್ಲ. ನಾನು ಹೀಗೆ ಮಾಡ್ಬೇಕು ಅಂತಿದೀನಿ: ಮೊದಲ ಅಂಕಣದಲ್ಲಿ ಮೂಲ ಲಿಪಿಯಲ್ಲೇ ಹೆಸರು. ಎರಡನೇದರಲ್ಲಿ ಚುಕ್ಕೆ ಗೆರೆ ಸಮೇತ ಪದ್ಧತಿ ಪ್ರಕಾರ, ಕನ್ನಡ ಸಂಸ್ಕೃತಕ್ಕೆ ಐಎಸ್‌ಒ 15919, ಚೈನೀಸ್‌ಗೆ ಪಿನ್ಯಿನ್, ಜಪಾನೀಸ್‌ಗೆ ದೀರ್ಘದ ಗೆರೆ ಇರೋ ಹೆಪ್‌ಬರ್ನ್, ಹೀಗೆ. ಮೂರನೇದರಲ್ಲಿ ಲೇಖಕರು ತಾವೇ ಬರ್ಕೊಳ್ಳೋ ಸ್ಪೆಲಿಂಗ್, ಓದುಗರಿಗೆ ಕಾಣೋದು ಇದೇ. ಪಕ್ಕದಲ್ಲಿ ಗುರುತು ಸಂಖ್ಯೆ.

ಎರಡು ಅನುಮಾನ ಉಳ್ಕೊಂಡಿದೆ. ಚುಕ್ಕೆ ಟಿ ಮತ್ತು ಬರೀ ಟಿ ಅಕಾರಾದಿಯಲ್ಲಿ ಹೇಗೆ ನಿಲ್ಲಿಸ್ಬೇಕು? ಅರೇಬಿಕ್ ಹೆಸರು ಅಲ್ ಇಂದ ಶುರುವಾದ್ರೆ ಎಲ್ಲಾ ಎ ಅಕ್ಷರದಲ್ಲೇ ಗುಂಪಾಗುತ್ತಲ್ಲ?

ನಾಲ್ಕುಸ್ವರ
ನಾಲ್ಕನೇ ಅಂಕಣ ಒಂದು ಹಾಕಿ, ಯಾವ ಪದ್ಧತಿ ಬಳಸಿದ್ದು ಅಂತ. ನಾಳೆ ಇನ್ನೊಬ್ಬರು ನೋಡೋವಾಗ ಇದು ಪಿನ್ಯಿನ್ನಾ ವೇಡ್-ಜೈಲ್ಸಾ ಅಂತ ಊಹೆ ಮಾಡೋ ಹಾಗಾಗಬಾರದು. ಪಿನ್ಯಿನ್‌ನಲ್ಲಿ ಸಿ-ಹೆಚ್ ಮಹಾಪ್ರಾಣ, ವೇಡ್-ಜೈಲ್ಸ್‌ನಲ್ಲಿ ಅದೇ ಸಿ-ಹೆಚ್ ಅಲ್ಪಪ್ರಾಣ.

ಕೋಡ್‌ಗುಬ್ಬಿ
ಜೋಡಿಸೋದಕ್ಕೆ ಯೂನಿಕೋಡ್‌ನವರದೇ ನಿಯಮ ಇದೆ. ಮೊದಲ ಹಂತದಲ್ಲಿ ಮೂಲ ಅಕ್ಷರ ಮಾತ್ರ ನೋಡುತ್ತೆ, ಅದು ಸಮ ಆದ್ರೆ ಎರಡನೇ ಹಂತದಲ್ಲಿ ಚುಕ್ಕೆ ಗೆರೆ, ಆಮೇಲೆ ದೊಡ್ಡಕ್ಷರ ಚಿಕ್ಕಕ್ಷರ. ಬೆಲೆ, ಬೆಳೆ, ಬೇಳೆ ಮೂರೂ ಒಟ್ಟೊಟ್ಟಿಗೆ ಬರ್ತಾವೆ, ಆದ್ರೆ ಯಾವಾಗಲೂ ಒಂದೇ ಕ್ರಮದಲ್ಲಿ. ಇನ್ನೊಂದು, ಚುಕ್ಕೆ ಟಿ ಅನ್ನೋದು ಒಂದೇ ಸಂಕೇತವಾಗಿಯೂ ಇದೆ, ಟಿ ಮತ್ತು ಚುಕ್ಕೆ ಅಂತ ಎರಡು ಸಂಕೇತವಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಋ ಗೆ ಹಾಕೋ ಸೊನ್ನೆ ಆರ್ ಅಂತೂ ಎರಡು ಸಂಕೇತದಲ್ಲೇ ಬರೋದು. ಪಟ್ಟಿ ಸೇರಿಸೋ ಮುಂಚೆ ಎಲ್ಲಾನೂ ಒಂದೇ ರೂಪಕ್ಕೆ ತಂದ್ಕೊಳ್ಳಿ, ಇಲ್ಲಾಂದ್ರೆ ಕಣ್ಣೆದುರಿಗೆ ಇರೋ ಹೆಸರು ಹುಡುಕಿದ್ರೆ ಸಿಗಲ್ಲ.

ಮರಳುಗಡಿಯಾರ
ಅಲ್ ಬರೀರಿ, ಆದ್ರೆ ಜೋಡಿಸೋವಾಗ ಅದನ್ನ ಬಿಟ್ಟು ಮುಂದಿನ ಅಕ್ಷರದಿಂದ ಲೆಕ್ಕ ಹಾಕಿ, ಗ್ರಂಥಾಲಯದವರು ಸಾಮಾನ್ಯವಾಗಿ ಹಾಗೇ ಮಾಡ್ತಾರೆ. ಆಯ್ನ್, ಹಮ್ಜಾ ಗುರುತುಗಳನ್ನೂ ಜೋಡಿಸೋವಾಗ ಲೆಕ್ಕಕ್ಕೆ ತಗೋಬೇಡಿ. ಅರೇಬಿಕ್ ಹೆಸರುಗಳ ಪಟ್ಟಿ ಸಿದ್ಧ ಆದ್ಮೇಲೆ ಕಳಿಸಿ, ಸ್ವರಗಳನ್ನ ನಾನು ನೋಡಿ ಕೊಡ್ತೀನಿ.

ಓಲೆಗರಿ
ಖಂಡಿತ ಕಳಿಸ್ತೀನಿ. ಮೊದಲು ರಷ್ಯನ್ ಮುಗಿಸ್ಕೋತೀನಿ, ಅದರಲ್ಲೇ ಹೆಚ್ಚು ಗೋಜಲಿದೆ.